ಗಂಟು

ಬುಧವಾರ. ಕಿಂಚಾವೊ ದ್ವೀಪಕ್ಕೆ ಫೆರಿಯಿಂದ ಇಳಿದು
ನಾಲ್ಕು ಮನೆ ಮುಗಿಸಿ ಐದನೆಯದಕ್ಕೆ ಬಂದೆ.
ಬೂಟಿನ ತುಂಬ ಕೆಸರು. ಚೀಲದಲ್ಲಿ ರಕ್ತದೊತ್ತಡದ ಯಂತ್ರ,
ಸಾಂತಿಯಾಗೊದಿಂದ ಅಚ್ಚಾಗಿ ಬಂದ ಒಂದು ಹಾಳೆ:
ಹನ್ನೊಂದು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರು.
ಮೊತ್ತ ಆರು ಮುಟ್ಟಿದರೆ
ಕಾಸ್ತ್ರೋದ ದೊಡ್ಡಾಸ್ಪತ್ರೆಗೆ ಚೀಟಿ.

ಉತ್ತರ ಹೇಳಬೇಕಾದ್ದು ಮುದುಕರಲ್ಲ,
ಮುದುಕರನ್ನು ಬಲ್ಲವರು.
ಹಾಗಾಗಿ ಎಲೆವುತೇರಿಯೊ ಹೊರಗೆ ಸೌದೆ ಸೀಳುತ್ತಿದ್ದ,
ಒತಿಲಿಯಾ ಒಲೆಯ ಪಕ್ಕ,
ಪರೀಕ್ಷೆ ತನಗೇ ಎಂಬಂತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಅವರ ದುಡ್ಡು ಅವರೇ ನೋಡಿಕೊಳ್ಳುತ್ತಾರಾ?
'ಮದುವೆಯಾದ ವಾರವೇ ಗಂಟು ನನ್ನ ಕೈಗೆ ಬಂತು.
ತಂಬಾಕಿಗೆ ಎಷ್ಟೋ ಅಷ್ಟು ಎಣಿಸಿ ಕೊಡ್ತೀನಿ.'
ಅಂಗಡಿಯಿಂದ ಸಾಮಾನು?
'ಉಪ್ಪು ತಾ ಅಂದರೆ ಮೊಳೆ ತರುವವನು. ಈಗಲ್ಲ, ಇಪ್ಪತ್ತರಲ್ಲೂ.'
ನೀರು ಕಾಯಿಸಿ ಒಲೆ ಆರಿಸುವುದು?
'ಈ ಒಲೆ ಆರುವುದು ನಾನು ಸತ್ತ ದಿನ.'
ಅಡುಗೆ?
ನಕ್ಕಳು. ಮಾತೆಗೆ ಇನ್ನಷ್ಟು ಬಿಸಿನೀರು ಸುರಿದು
ನನ್ನ ಕೈಗೆ ಕೊಟ್ಟಳು.
ಮಾತ್ರೆ?
'ಅಂಗೈಯಲ್ಲಿಡ್ತೀನಿ. ಬಾಯಿ ತೆರೆಯುವುದೊಂದು ಅವನ ಪಾಲು.'

ಇಂಥವರಿಗೆಂದೇ ಹಾಳೆಯಲ್ಲೊಂದು ಖಾನೆ:
ಎಂದೂ ಮಾಡಿದವರಲ್ಲ, ಬೇಕಾದರೆ ಮಾಡಿಯಾರು.
ಮಾಡಿಯಾರೇ? ಕೇಳಿದೆ, ಪ್ರತಿ ಸಲ ಕೇಳಿದೆ.
'ಯಾಕೆ ಮಾಡಬಾರದು, ಕೈಕಾಲು ಗಟ್ಟಿ ಇದೆ.'
ಸೊನ್ನೆ. ಸೊನ್ನೆ. ಸೊನ್ನೆ.
ಮೊಮ್ಮಕ್ಕಳ ಹುಟ್ಟುಹಬ್ಬದ ನೆನಪಿಗೆ ಒಂದು,
ಸುದ್ದಿ ತಿಳಿಯುವುದಕ್ಕೆ ಒಂದು,
ಅದರಲ್ಲೂ ಅರ್ಧ ತಪ್ಪು ರೇಡಿಯೊದ ಬ್ಯಾಟರಿಯ ಮೇಲೆ ಹೊರಿಸಿದಳು.
ಕೂಡಿದೆ. ಎರಡು.

ಎರಡು ಅಂದರೆ ಮನುಷ್ಯ ಸರಿ ಇದ್ದಾನೆ.

ಇದೇ ಹಾಳೆ ಒತಿಲಿಯಾಳದ್ದಾಗಿದ್ದರೆ!
ಅವಳು ಒಂದು ದಿನ ಮರೆತರೆ ಸಾರು ಹೇಳುತ್ತದೆ,
ಸಾಲದ ಪುಸ್ತಕ ಹೇಳುತ್ತದೆ, ತಣ್ಣಗಾದ ಒಲೆ ಊರಿಗೇ ಹೇಳುತ್ತದೆ;
ತಿಂಗಳೊಳಗೆ ಇಪ್ಪತ್ತು ದಾಟುತ್ತಾಳೆ.
ಅವನು ಅರ್ಧ ಲೋಕ ಕಳಕೊಂಡರೂ
ಎರಡೇ.
ಅವಳ ಕೈ ಅಡ್ಡ ಇದೆ.

ಪೆನ್ನಿಗೆ ಮುಚ್ಚಳ ಹಾಕಿ ಕೇಳಿದೆ,
ಹಾಳೆಯಲ್ಲಿಲ್ಲದ್ದನ್ನು:
ಹಾಗಾದರೆ ಅವರು ಮಾಡುತ್ತಿದ್ದುದು ಏನು?

'ದೋಣಿ,' ಅಂದಳು. ಬಹಳ ಹೊತ್ತು ಅಷ್ಟೇ ಅಂದಳು.
ಹೊರಗೆ ಕೊಡಲಿ ಬಿತ್ತು, ಎದ್ದಿತು, ಬಿತ್ತು.
'ಮಾರ್ಚಿನಲ್ಲಿ ಒಂದು ರಾತ್ರಿ ಕಟ್ಟಿ ಬಂದು ಮಲಗಿದ.
ಬೆಳಿಗ್ಗೆ ದೋಣಿ ಇಲ್ಲ.
ಲಿನ್‌ಲಿನ್ ದ್ವೀಪದವರು ಎಳೆದು ತಂದರು.
ಹಗ್ಗ ಹರಿದಿತ್ತು ಅಂತ ಊರಿಗೆಲ್ಲ ನಾನೇ ಹೇಳಿದೆ.
ಹರಿದಿರಲಿಲ್ಲ.
ಈಗ ಅವನಿಗೆ ನಿದ್ದೆ ಹತ್ತಿದ ಮೇಲೆ ಟಾರ್ಚು ಹಿಡಿದು ಇಳೀತೀನಿ,
ಅವನು ಸುತ್ತಿಟ್ಟದ್ದನ್ನು ಬಿಚ್ಚಿ ಮತ್ತೆ ಕಟ್ಟಿ ಬರ್ತೀನಿ.
ಅವನೇ ಕಲಿಸಿದ ಗಂಟು,
ನಾವಿನ್ನೂ ಮದುವೆಯಾಗಿರಲಿಲ್ಲ.'

ಆಮೇಲೆ ಹಾಳೆಯತ್ತ ಗದ್ದ ಎತ್ತಿ:
'ಇದನ್ನು ಯಾವ ಖಾನೆಗೆ ಹಾಕ್ತೀಯಮ್ಮ?'

ಖಾನೆ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಗಂಟು.
ಬರೆದು, ಯಾರಿಗೂ ಅರ್ಥವಾಗದೆಂದು, ಕೆಳಗೆ ಮತ್ತೂ ನಾಲ್ಕು ಸಾಲು.
ಮೊತ್ತ ಎರಡಿದ್ದರೂ ಚೀಟಿ ಬರೆದೆ.
ಕಾಸ್ತ್ರೋದಲ್ಲಿ ಬೈದರೆ ಬೈಯಲಿ.

ಎಲೆವುತೇರಿಯೊ ಒಳಬಂದ, ತೋಳಿನ ತುಂಬ ಸೌದೆ.
'ನೀನು ಯಾರ ಮಗಳು?' ಎಂದ,
ಬಾಗಿಲಲ್ಲಿ ಒಂದು ಸಲ ಕೇಳಿದ್ದ, ಅಂಗಳದಲ್ಲಿ ಒಂದು ಸಲ.
ನಾನು ಮೂರನೆಯ ಸಲ ಅಪ್ಪನ ಹೆಸರು ಹೇಳಿದೆ.
ಅವನಾಗಲೇ ಕಿಟಕಿಯಾಚೆ ನೋಡುತ್ತಿದ್ದ, ಅಲ್ಲಿ ನನಗೆ
ಬೂದು ನೀರಿನ ಮೇಲೆ ಬೂದು ಮೋಡ, ಇನ್ನೇನೂ ಕಾಣಲಿಲ್ಲ.

'ನೀರು ತಿರುಗಿತು,' ಎಂದ. 'ಹೊರಡು, ಮಗು.'

ಕೈಗಡಿಯಾರ ನೋಡಿದೆ,
ಜೇಬಿನಲ್ಲಿದ್ದ ಉಬ್ಬರವಿಳಿತದ ಪಟ್ಟಿ ಬಿಚ್ಚಿದೆ.
ನಿಮಿಷಕ್ಕೆ ನಿಮಿಷ ಸರಿ.